ಶಾಲೆಯ ಭಿತ್ತಿಪತ್ರವೂ ಕಲ್ಲಚ್ಚಿನ ಪಾಠವೂ

ಶಾಲೆಯ ಗೋಡೆಯು ಶಾಲೆಯ ಅಂತರಂಗವನ್ನು ಹೇಳುತ್ತದೆ. ವಾರ್ಷಿಕೋತ್ಸವದ ಸಮಯದಲ್ಲಿ ನವಲಗುಂದದಂಥ ತಾಲೂಕಾ ಸ್ಥಳದ ಯಾವುದೇ ಶಾಲೆಯನ್ನು ಹೊಕ್ಕರೂ ಪಡಸಾಲೆಯ ಉದ್ದಕ್ಕೂ ತೂಗುಹಾಕಿದ ಭಿತ್ತಿಪತ್ರಗಳು ಅತಿಥಿಗಳನ್ನು ಎದುರುಗೊಳ್ಳುತ್ತವೆ. ‘ಜಗತ್ತನ್ನು ಬದಲಿಸಿದ ಸಂಶೋಧನೆಗಳು’ ಎಂಬುದು ಅವುಗಳಲ್ಲಿ ಬಹು ಪ್ರಿಯವಾದ ವಿಷಯ. ಉಗಿಯಂತ್ರ, ವಿದ್ಯುದ್ದೀಪ, ದೂರವಾಣಿ, ವಿಮಾನ ಇವುಗಳ ಚಿತ್ರಗಳು, ಅವುಗಳ ಪಕ್ಕದಲ್ಲಿ ಗಡ್ಡಧಾರಿಯಾದ ಒಬ್ಬ ಮಹನೀಯನ ಮುಖ, ಕೆಳಗೆ ಹುಟ್ಟಿದ ಮತ್ತು ತೀರಿದ ವರ್ಷ. ಇತ್ತೀಚಿನ ವರ್ಷಗಳಲ್ಲಿ ಇಷ್ಟನ್ನೂ ಬಾಲಕರು ತಮ್ಮ ಕೈಯಿಂದ ಬರೆಯಬೇಕಾದ ಕಾರಣವಿಲ್ಲ. ಪೇಟೆಯ ಅಂಗಡಿಗೆ ಹೋಗಿ ವಿಷಯ ಹೇಳಿದರೆ ಗಣಕಯಂತ್ರವು ಚಿತ್ರವನ್ನು ಹುಡುಕಿ ಕೊಡುತ್ತದೆ. ಒಂದು ತಾಸಿನೊಳಗೆ ಬಣ್ಣಬಣ್ಣದ ಫ್ಲೆಕ್ಸ್ ಹಾಳೆ ಸಿದ್ಧವಾಗುತ್ತದೆ. ಅತಿಥಿಗಳು ಮೆಚ್ಚುತ್ತಾರೆ, ಪಾಲಕರು ಸಂತೋಷಪಡುತ್ತಾರೆ, ಮರುದಿನ ಆ ಹಾಳೆಯು ಯಾರದೋ ಬಣವೆಯ ಮೇಲಿನ ಹೊದಿಕೆಯಾಗುತ್ತದೆ.

ಇದರಲ್ಲಿ ತಪ್ಪೇನು ಎಂದು ಕೇಳುವವರುಂಟು. ಗೋಡೆ ತುಂಬಿತು, ವಿಷಯ ತಿಳಿಯಿತು, ಕೆಲಸ ಮುಗಿಯಿತು ಎಂಬುದು ಅವರ ವಾದ. ಆದರೆ ಸಂಶೋಧನೆಯ ಬಗೆಗಿನ ಭಿತ್ತಿಪತ್ರವೊಂದು ಸಂಶೋಧನೆಯ ಲವಲೇಶವೂ ಇಲ್ಲದೆ ಸಿದ್ಧವಾಗುವುದಾದರೆ ಅದರಿಂದ ಬಾಲಕನು ಕಲಿತದ್ದೇನು? ಸಂಶೋಧನೆಯೆಂದರೆ ದೂರದೇಶದ ಮಹಾಪುರುಷರಿಗೆ ಮಾತ್ರ ಸಾಧ್ಯವಾದ ಪವಾಡ, ಉಳಿದವರ ಪಾಲಿಗೆ ಬಂದದ್ದು ಅದರ ಚಿತ್ರವನ್ನು ಕತ್ತರಿಸಿ ಅಂಟಿಸುವ ಭಾಗ್ಯ ಎಂಬ ತಪ್ಪು ಪಾಠವನ್ನಷ್ಟೇ ಅವನು ಕಲಿಯುತ್ತಾನೆ. ಈ ಪಾಠವು ಪುಸ್ತಕದಲ್ಲಿ ಬರೆದಿರದಿದ್ದರೂ ಪುಸ್ತಕದ ಪಾಠಕ್ಕಿಂತ ಆಳವಾಗಿ ನಾಟುತ್ತದೆ. ಆದುದರಿಂದ ಶಾಲೆಯ ಭಿತ್ತಿಪತ್ರವನ್ನು ಕ್ಷುಲ್ಲಕವೆಂದು ಎಣಿಸಲಾಗದು. ಅದರ ವಿಷಯವನ್ನು ಆರಿಸುವಲ್ಲಿಯೂ ಅದನ್ನು ರಚಿಸುವಲ್ಲಿಯೂ ಶಿಕ್ಷಕರು ವಿವೇಚನೆ ವಹಿಸತಕ್ಕದ್ದು ಅವಶ್ಯವಾಗಿದೆ.

ಮೊದಲು ಭಿತ್ತಿಪತ್ರವೆಂದರೇನು ಎಂಬುದನ್ನು ವಿಚಾರಿಸಬೇಕು. ಗೋಡೆಗೆ ತೂಗುಹಾಕಿದ್ದೆಲ್ಲವೂ ಭಿತ್ತಿಪತ್ರವಲ್ಲ. ಒಬ್ಬನು ಒಂದು ಹಾಳೆಯ ಮೇಲೆ ಬರೆದದ್ದು ಚಿತ್ರ. ಒಂದೇ ಮಾತನ್ನು ಹತ್ತು ಓಣಿಗಳ ಹತ್ತು ಗೋಡೆಗಳಿಗೆ ಏಕಕಾಲಕ್ಕೆ ಮುಟ್ಟಿಸುವುದಕ್ಕಾಗಿ ಅನೇಕ ಪ್ರತಿಗಳಲ್ಲಿ ಸಿದ್ಧವಾದದ್ದು ಭಿತ್ತಿಪತ್ರ. ಅಂದ ಮೇಲೆ ಭಿತ್ತಿಪತ್ರವು ಮುದ್ರಣಕಲೆಯ ಮಗು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪ್ಯಾರಿಸ್ ನಗರದ ಬೀದಿಗಳನ್ನು ವರ್ಣರಂಜಿತ ಭಿತ್ತಿಪತ್ರಗಳಿಂದ ತುಂಬಿದ ಜೂಲ್ಸ್ ಶೆರೆ (1836-1932) ಎಂಬ ಕಲಾವಿದನು ಆ ಕಾರ್ಯವನ್ನು ಮಾಡಿದ್ದು ಕಲ್ಲಿನ ಮೇಲೆ. ಉತ್ತರ ಕರ್ನಾಟಕದ ಎಷ್ಟೋ ಮನೆಗಳ ಜಗುಲಿಯ ಮೇಲೆ ತಲೆಮಾರುಗಳಿಂದ ಪೂಜೆಗೊಳ್ಳುತ್ತ ಬಂದ ಲಕ್ಷ್ಮೀ-ಸರಸ್ವತಿಯರ ಬಣ್ಣದ ಚಿತ್ರಗಳ ಮೂಲವೂ ಕಲ್ಲೇ. ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಮುದ್ರಣಾಲಯದಲ್ಲಿ ಕಲ್ಲುಗಳ ಮೇಲಿಂದ ಅಚ್ಚಾಗಿ ಅಂಥ ಚಿತ್ರಗಳು ಬಡವರ ಮನೆಯನ್ನೂ ಸೇರಿದವು. ಈ ಎಲ್ಲದರ ತಳದಲ್ಲಿ ಇರುವ ಸಂಶೋಧನೆಗೆ ಕನ್ನಡದಲ್ಲಿ ‘ಕಲ್ಲಚ್ಚು’ ಎಂದು ಹೆಸರು. ಶಾಲೆಯ ಬಾಲಕರು ಒಂದು ಐತಿಹಾಸಿಕ ಸಂಶೋಧನೆಯಿಂದ ಸ್ಫೂರ್ತಿಗೊಂಡು ಭಿತ್ತಿಪತ್ರವನ್ನು ಮುದ್ರಿಸಬೇಕೆಂದಿದ್ದರೆ ಕಲ್ಲಚ್ಚಿಗಿಂತ ಯೋಗ್ಯವಾದ ವಿಷಯ ಬೇರೊಂದಿಲ್ಲ.

ಕಲ್ಲಚ್ಚಿನ ಕಥೆಯೇ ಒಂದು ನೀತಿಪಾಠದಂತಿದೆ. ಅಲೋಯ್ಸ್ ಸೆನೆಫೆಲ್ಡರ್ ಎಂಬಾತನು 1771ರಲ್ಲಿ ಪ್ರಾಗ್ ನಗರದಲ್ಲಿ ಜನಿಸಿದನು. ತಂದೆ ನಾಟಕದ ನಟ. ತಂದೆಯ ಮರಣಾನಂತರ ಸಂಸಾರದ ಭಾರ ಮಗನ ಮೇಲೆ ಬಿದ್ದಿತು. ಬವೇರಿಯಾ ಪ್ರಾಂತದಲ್ಲಿ ನಾಟಕಗಳನ್ನು ಬರೆದು ಹೊಟ್ಟೆ ಹೊರೆಯಲು ಯತ್ನಿಸಿದನಾದರೂ ಅವುಗಳ ಮುದ್ರಣದ ವೆಚ್ಚವೇ ಬಂದ ಗಳಿಕೆಯನ್ನು ನುಂಗಿಹಾಕುತ್ತಿತ್ತು. ತನ್ನ ನಾಟಕವನ್ನು ತಾನೇ ಅಗ್ಗವಾಗಿ ಅಚ್ಚು ಹಾಕುವ ಉಪಾಯವನ್ನು ಹುಡುಕುತ್ತ ಅವನು ತಾಮ್ರದ ತಗಡಿನ ಮೇಲೆ ತಿರುವುಮುರುವು ಅಕ್ಷರ ಬರೆಯುವ ಅಭ್ಯಾಸವನ್ನು ಹಿಡಿದನು. ತಾಮ್ರ ದುಬಾರಿ, ಆದುದರಿಂದ ಅಭ್ಯಾಸಕ್ಕಾಗಿ ಆ ಭಾಗದಲ್ಲಿ ನೆಲಹಾಸಿಗೆ ಉಪಯೋಗಿಸುತ್ತಿದ್ದ ನುಣುಪಾದ ಸುಣ್ಣಕಲ್ಲನ್ನು ತಂದಿಟ್ಟುಕೊಂಡನು. 1796ರಲ್ಲಿ ಒಂದು ದಿನ ಬಟ್ಟೆ ಒಗೆಯುವವಳು ಬಂದು ಬಾಗಿಲಲ್ಲಿ ಕಾದು ನಿಂತಳು. ಒಗೆಯಲು ಕೊಟ್ಟ ಬಟ್ಟೆಗಳ ಲೆಕ್ಕ ಬರೆದುಕೊಡೆಂದು ತಾಯಿ ಹೇಳಿದಳು. ಕೈಗೆ ಕಾಗದದ ಚೂರೂ ಸಿಗಲಿಲ್ಲ. ಮೇಣ, ಸಾಬೂನು, ಕಾಡಿಗೆ ಕಲಸಿ ಮಾಡಿಟ್ಟಿದ್ದ ಮಸಿಯಿಂದ ಅವನು ಆ ಲೆಕ್ಕವನ್ನು ಕಲ್ಲಿನ ಮೇಲೆಯೇ ಗೀಚಿದನು. ಅದನ್ನು ಅಳಿಸುವ ಮುನ್ನ, ಇದನ್ನೇ ಆಮ್ಲದಿಂದ ಕೊರೆದು ಅಚ್ಚು ತೆಗೆದರೆ ಹೇಗೆ ಎಂಬ ವಿಚಾರ ಅವನಿಗೆ ಹೊಳೆಯಿತು. ಈ ವೃತ್ತಾಂತವನ್ನು ಸೆನೆಫೆಲ್ಡರನೇ 1818ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಹೇಳಿಕೊಂಡಿದ್ದಾನೆ. ಆ ಒಂದು ಹೊಳಹಿನಿಂದ ಮುಂದೆ ಎರಡು ವರ್ಷಗಳ ಸತತ ಪ್ರಯೋಗದ ಫಲವಾಗಿ 1798ರ ಹೊತ್ತಿಗೆ ನಿಜವಾದ ಕಲ್ಲಚ್ಚು ಸಿದ್ಧಿಸಿತು.

ಅದರ ತತ್ತ್ವವು ಯಾವ ರೈತನ ಮಗನಿಗೂ ತಿಳಿಯುವಂಥದು. ಎಣ್ಣೆಗೂ ನೀರಿಗೂ ಕೂಡುವುದಿಲ್ಲ ಎಂಬುದೇ ಅದರ ಸಾರ. ನಯಗೊಳಿಸಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆಯುತ್ತಾರೆ. ಬಳಿಕ ಅಲ್ಪ ಆಮ್ಲವನ್ನು ಬೆರೆಸಿದ ಗೋಂದಿನ ನೀರನ್ನು ಸವರುತ್ತಾರೆ. ಬರೆದ ಭಾಗವು ಜಿಡ್ಡನ್ನು ಹಿಡಿದುಕೊಳ್ಳುತ್ತದೆ, ಬರೆಯದ ಭಾಗವು ನೀರನ್ನು ಹಿಡಿದುಕೊಳ್ಳುತ್ತದೆ. ಕಲ್ಲನ್ನು ಒದ್ದೆಮಾಡಿ ಎಣ್ಣೆಯ ಮಸಿಯ ಉರುಳೆಯನ್ನು ಹಾಯಿಸಿದರೆ ಮಸಿಯು ಬರೆದ ಗೆರೆಗೆ ಮಾತ್ರ ಅಂಟಿ, ನೀರಿದ್ದ ಎಡೆಯಿಂದ ಹಿಂದೆ ಸರಿಯುತ್ತದೆ. ಕಾಗದವನ್ನಿಟ್ಟು ಒತ್ತಿದರೆ ಬರಹವು ಕಾಗದಕ್ಕೆ ಇಳಿಯುತ್ತದೆ. ಇಲ್ಲಿ ಉಬ್ಬಿಲ್ಲ, ತಗ್ಗಿಲ್ಲ, ಕೊರೆತವಿಲ್ಲ. ಸಮತಲವಾದ ಕಲ್ಲೇ ಅಚ್ಚು.

ಈ ಸಂಶೋಧನೆಗೆ ಬೇಕಾದ ಸಾಮಗ್ರಿಗಳನ್ನು ಒಂದೊಂದಾಗಿ ಎಣಿಸಿ ನೋಡಿದರೆ ಆಶ್ಚರ್ಯವಾಗುತ್ತದೆ. ಮೊದಲನೆಯದು ಸುಣ್ಣಕಲ್ಲು. ನವಲಗುಂದದ ಸೀಮೆಯಲ್ಲಿ ಮನೆ, ಮಠ, ಶಾಲೆಗಳ ನೆಲಕ್ಕೆ ಹಾಸುವ ಶಹಾಬಾದ ಫರಸಿಯು ಸುಣ್ಣಕಲ್ಲಿನ ಜಾತಿಯದೇ. ಎರಡನೆಯದು ಮಸಿಗೆ ಬೇಕಾದ ಎಣ್ಣೆ. ಅದು ಕಾಯಿಸಿದ ಅಗಸೆ ಎಣ್ಣೆ. ಎರೆಭೂಮಿಯ ಹಿಂಗಾರಿ ಬೆಳೆ, ಧಾರವಾಡ ಸೀಮೆಯ ಊಟದ ಎಡೆಯಲ್ಲಿ ಹಿಂಡಿಯಾಗಿ ಕೂಡುವ ಅಗಸೆಯೇ ಅದಕ್ಕೆ ಮೂಲ. ಮೂರನೆಯದು ಗೋಂದು, ಅದು ಜಾಲಿಯ ಜಾತಿಯ ಗಿಡದ ಅಂಟು. ನಾಲ್ಕನೆಯದು ಕಾಡಿಗೆ, ಐದನೆಯದು ನೀರು. ಹೊಲದ ಬದುವಿನಲ್ಲಿಯೂ ಮನೆಯ ಅಂಗಳದಲ್ಲಿಯೂ ದೊರೆಯುವಂಥ ಈ ಐದು ವಸ್ತುಗಳು ಕೂಡಿ ಒಂದು ಯುಗವನ್ನು ಬದಲಿಸಿದವು. ವಸ್ತುಗಳು ಎಲ್ಲೆಡೆಯೂ ಇದ್ದವು. ಅವುಗಳನ್ನು ಗಮನಿಸಿ ನೋಡುವ ಕಣ್ಣು ಮಾತ್ರ ಅಪರೂಪವಾಗಿತ್ತು. ಭಿತ್ತಿಪತ್ರವು ಬಾಲಕರಿಗೆ ಕಲಿಸಬೇಕಾದ ಮಾತು ಇದೊಂದೇ. ಸಂಶೋಧಕನ ಮುಖವನ್ನು ನಕಲು ಮಾಡುವುದರಿಂದ ಇದು ಬರುವುದಿಲ್ಲ, ಅವನು ನೋಡಿದಂತೆ ನೋಡುವುದರಿಂದ ಬರುತ್ತದೆ.

ಕಲ್ಲಚ್ಚಿಗೂ ಕನ್ನಡಕ್ಕೂ ಇರುವ ನಂಟು ಸಾಮಾನ್ಯವಾದುದಲ್ಲ. ಕನ್ನಡ ಅಕ್ಷರಗಳನ್ನು ಮೊಳೆಗಳಲ್ಲಿ ಎರಕ ಹೊಯ್ಯುವುದು ಕಷ್ಟದ ಕೆಲಸ. ಇಂಗ್ಲಿಷಿನ ವರ್ಣಮಾಲೆಗೆ ಇಪ್ಪತ್ತಾರು ಅಕ್ಷರಗಳ ಎರಡು ರೂಪಗಳು ಸಾಕು. ಕನ್ನಡಕ್ಕೆ ಕಾಗುಣಿತ, ಒತ್ತಕ್ಷರ, ದೀರ್ಘ, ಅರ್ಕಾವೊತ್ತು ಎಲ್ಲವೂ ಸೇರಿ ನೂರಾರು ಮೊಳೆಗಳು ಬೇಕು. ಸಾಲಿನ ಕೆಳಗೆ ಒತ್ತಕ್ಷರಕ್ಕೆ ಬೇರೆ ಎಡೆಯನ್ನು ಬಿಡಬೇಕು. ವಿಲಿಯಂ ಕೇರಿಯ ಕನ್ನಡ ವ್ಯಾಕರಣವು 1817ರಲ್ಲಿ ಬಂಗಾಲದ ಶ್ರೀರಾಮಪುರದಲ್ಲಿ ಮೊಳೆಗಳಿಂದ ಅಚ್ಚಾಯಿತಾದರೂ ಆ ಬಳಿಕವೂ ಬಹುಕಾಲ ಕನ್ನಡದ ಅಂದವಾದ ಮೊಳೆಗಳು ದುರ್ಲಭವೇ ಆಗಿದ್ದವು. ಕಲ್ಲಚ್ಚಿಗೆ ಈ ತೊಡಕು ಇರಲಿಲ್ಲ. ಬಲ್ಲ ಲಿಪಿಕಾರನೊಬ್ಬನು ವಿಶೇಷ ಕಾಗದದ ಮೇಲೆ ಜಿಡ್ಡು ಮಸಿಯಿಂದ ನೇರವಾಗಿ ಬರೆದುಕೊಟ್ಟರೆ ಆ ಬರಹವನ್ನು ಹಾಗೆಯೇ ಕಲ್ಲಿಗೆ ಇಳಿಸಬಹುದಿತ್ತು. ಕೈಬರಹವೇ ಅಚ್ಚಾಗುತ್ತಿತ್ತು. ಒತ್ತಕ್ಷರವಿರಲಿ, ಕಾಗುಣಿತವಿರಲಿ, ಕೈ ಬರೆದುದನ್ನೆಲ್ಲ ಕಲ್ಲು ಒಪ್ಪಿಕೊಳ್ಳುತ್ತಿತ್ತು.

ಬಾಸೆಲ್ ಮಿಶನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಆರಂಭಿಸಿದರು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ‘ಮಂಗಳೂರ ಸಮಾಚಾರ’ ಎಂಬ ಪಾಕ್ಷಿಕವು ಅಲ್ಲಿಂದ ಹೊರಬಂದಿತು. ಕನ್ನಡದ ಪ್ರಥಮ ಪತ್ರಿಕೆಯೆಂದು ಮನ್ನಣೆ ಪಡೆದ ಅದರ ನೆನಪಿಗಾಗಿಯೇ ಪ್ರತಿವರ್ಷ ಜುಲೈ 1ನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಆ ಪತ್ರಿಕೆಯು ಕಲ್ಲಿನ ಮೇಲಿಂದ ಮೂಡಿಬಂದಿತೆಂಬುದನ್ನು ಆಚರಿಸುವವರೆಲ್ಲರೂ ಬಲ್ಲರೆಂದು ಹೇಳಲಾಗದು. ಮರುವರ್ಷ 1844ರಲ್ಲಿ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಎಂಬ ಹೆಸರಿನಿಂದ ಮೊಳೆಯಚ್ಚಿನಲ್ಲಿ ಬರತೊಡಗಿತು.

ಇದಕ್ಕಿಂತ ಹೆಚ್ಚಾಗಿ ಶರಣ ಪರಂಪರೆಗೆ ಸಂಬಂಧಿಸಿದ ಶಾಲೆಯೊಂದು ನೆನೆಯಬೇಕಾದ ಸಂಗತಿ ಇನ್ನೊಂದಿದೆ. ಮೋಗ್ಲಿಂಗ್ ಅವರು 1848ರಿಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಪ್ರಾಚೀನ ಕನ್ನಡ ಕೃತಿಗಳನ್ನು ಮಂಗಳೂರಿನ ಕಲ್ಲುಗಳ ಮೇಲೆ ಮುದ್ರಿಸತೊಡಗಿದರು. ಆ ಮಾಲೆಯಲ್ಲಿ ಜೈಮಿನಿಭಾರತವಿತ್ತು, ದಾಸರ ಪದಗಳಿದ್ದವು. ಅವುಗಳೊಂದಿಗೆ 1369ರಲ್ಲಿ ಭೀಮಕವಿ ರಚಿಸಿದ ಬಸವಪುರಾಣವೂ ಇತ್ತು. ಐದು ನೂರು ವರ್ಷಗಳ ಸಮೀಪ ಓಲೆಗರಿಯಿಂದ ಓಲೆಗರಿಗೆ ನಕಲಾಗುತ್ತ ಬಂದ ಒಂದು ಪುರಾಣವು, ಪರಮತದ ಪಾದ್ರಿಯೊಬ್ಬರ ಆಸ್ಥೆಯಿಂದ, ಬವೇರಿಯಾದ ಬಡ ನಾಟಕಕಾರನೊಬ್ಬನ ಯುಕ್ತಿಯಿಂದ, ಹೆಸರು ಉಳಿಯದ ಕನ್ನಡದ ಲಿಪಿಕಾರರ ಕೈಯಿಂದ ನೂರಾರು ಪ್ರತಿಗಳಾಗಿ ಹೊರಬಿದ್ದಿತು. ಬಟ್ಟೆ ಒಗೆಯುವವಳ ಲೆಕ್ಕದಿಂದ ಮೊದಲಾದ ವಿದ್ಯೆಯು ಮಡಿವಾಳ ಮಾಚಿದೇವನನ್ನು ಕೊಂಡಾಡುವ ಪರಂಪರೆಯ ಗ್ರಂಥಕ್ಕೆ ನೆರವಾಯಿತೆಂಬುದು ಕಾಕತಾಳೀಯವಿರಬಹುದು. ಆದರೆ ಕಾಯಕದಲ್ಲಿ ಮೇಲು ಕೀಳೆಂಬುದಿಲ್ಲ ಎಂಬ ಮಾತಿಗೆ ಬಾಲಕರ ಮುಂದೆ ಇಡಬಹುದಾದ ಇಂಥ ನಿದರ್ಶನ ಸುಲಭವಾಗಿ ದೊರೆಯದು.

ಮುದ್ರಣವಿಲ್ಲದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಉತ್ತರವನ್ನು ದೂರದಲ್ಲಿ ಹುಡುಕಬೇಕಿಲ್ಲ. ಧಾರವಾಡದಲ್ಲಿ 1880ರಲ್ಲಿ ಜನಿಸಿ ವಿಜಾಪುರದಲ್ಲಿ ವಕೀಲಿ ವೃತ್ತಿಯಲ್ಲಿದ್ದ ಫ. ಗು. ಹಳಕಟ್ಟಿಯವರು ಮನೆಮನೆಗಳ ಜಂತಿಯಲ್ಲಿ, ಮಠಗಳ ಗಂಟುಗಳಲ್ಲಿ ಹುಳುವಿನ ಬಾಯಿಗೆ ಬೀಳಲಿದ್ದ ವಚನದ ಕಟ್ಟುಗಳನ್ನು ಅರಸಿ ತಿರುಗಿದರು. ‘ವಚನಶಾಸ್ತ್ರಸಾರ’ದ ಮೊದಲ ಭಾಗವು 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಪರರ ಮುದ್ರಣಾಲಯವನ್ನು ನೆಚ್ಚಿ ಈ ಕಾರ್ಯ ಸಾಗದೆಂದು ಮನಗಂಡು, ಇದ್ದ ಮನೆಯನ್ನೇ ಮಾರಿ ಅವರು 1925ರಲ್ಲಿ ವಿಜಾಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಶಾಲೆಯ ಪ್ರಾರ್ಥನೆಯಲ್ಲಿ ಮಕ್ಕಳು ಹಾಡುವ ವಚನಗಳು ಇಂದು ಎಲ್ಲರ ನಾಲಗೆಯ ಮೇಲೆ ಇರುವುದಕ್ಕೆ ಒಂದು ಮುಖ್ಯ ಕಾರಣ ಒಬ್ಬ ಮನುಷ್ಯನು ಮನೆಗಿಂತ ಅಚ್ಚಿನ ಯಂತ್ರವನ್ನು ದೊಡ್ಡದೆಂದು ಬಗೆದದ್ದು. ಅನ್ನದಾಸೋಹದಲ್ಲಿ ಬಡಿಸಿದ ಅನ್ನವು ಒಂದು ಹೊತ್ತಿನ ಹಸಿವೆಯನ್ನು ತಣಿಸುತ್ತದೆ. ಒಂದರಿಂದ ನೂರಾಗುವ ಅಚ್ಚಿನ ಹಾಳೆಯು ಕಾಣದ ಊರಿನ ಹಸಿವೆಯನ್ನೂ ತಣಿಸುತ್ತದೆ. ದಾಸೋಹದ ಅರ್ಥವನ್ನು ಬಲ್ಲ ಮಠದ ಶಾಲೆಗೆ ಮುದ್ರಣದ ಮಹತ್ವವನ್ನು ಬೇರೆ ಯಾರೂ ವಿವರಿಸಬೇಕಾಗಿಲ್ಲ.

ಇನ್ನು ಭಿತ್ತಿಪತ್ರದ ರಚನೆಯ ವಿಚಾರ. ಅಲಂಕಾರದ ವಿಷಯದಲ್ಲಿ ನವಲಗುಂದದ ಬಾಲಕರು ಗುರುವನ್ನು ಹುಡುಕಿಕೊಂಡು ಪರಸ್ಥಳಕ್ಕೆ ಹೋಗಬೇಕಾಗಿಲ್ಲ. ಭೌಗೋಳಿಕ ಸೂಚಕದ ಮಾನ್ಯತೆಯನ್ನು ಪಡೆದ ನವಲಗುಂದದ ಜಮಖಾನವು ಹೆಣ್ಣುಮಕ್ಕಳ ಕೈಯಿಂದ, ನಿಂತ ಮಗ್ಗದ ಮೇಲೆ, ಮನೆಯೊಳಗೇ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದ ವಿದ್ಯೆ. ಎಳೆಗಳು ಅಡ್ಡಡ್ಡ ಉದ್ದುದ್ದ ಮಾತ್ರ ಹೋಗಬಲ್ಲವಾದ್ದರಿಂದ ಅಲ್ಲಿ ಓರೆಗೆರೆಯು ಮೆಟ್ಟಿಲು ಮೆಟ್ಟಿಲಾಗುತ್ತದೆ. ನವಿಲಿನ ಬಾಗಿದ ಕೊರಳೂ ಮೆಟ್ಟಿಲಿನ ಲೆಕ್ಕದಲ್ಲಿಯೇ ಬಾಗುತ್ತದೆ. ಪಗಡೆಯ ಹಾಸು ಹೂವಿನಂತೆ ಅರಳುತ್ತದೆ. ಸಾಧನದ ಮಿತಿಯನ್ನು ಮುಚ್ಚಿಡದೆ ಅದನ್ನೇ ಸೌಂದರ್ಯವನ್ನಾಗಿ ಮಾಡುವುದು, ಕೆಲವೇ ಬಣ್ಣಗಳಿಂದ ತೃಪ್ತಿಪಡುವುದು, ನಡುವಿನ ಒಂದು ಆಕೃತಿಗೆ ಅಂಚುಗಳೆಲ್ಲ ಅಧೀನವಾಗುವುದು, ಈ ಮೂರು ನಿಯಮಗಳನ್ನು ಆ ಹೆಣ್ಣುಮಕ್ಕಳ ಮಗ್ಗದ ಮುಂದೆ ಅರ್ಧ ತಾಸು ಕುಳಿತವನು ಕಲಿಯಬಲ್ಲನು. ಭಿತ್ತಿಪತ್ರಕ್ಕೂ ಇವೇ ನಿಯಮಗಳು. ಆದರೆ ಊರಿನ ಹೆಸರಿನಲ್ಲಿ ನವಿಲಿದೆಯೆಂದು ಎಲ್ಲ ಚಿತ್ರಗಳಲ್ಲಿಯೂ ನವಿಲನ್ನು ತಂದು ಕೂರಿಸುವುದು ಮಾತ್ರ ವಿವೇಕವಲ್ಲ. ಕಲ್ಲಚ್ಚಿನ ಭಿತ್ತಿಪತ್ರದಲ್ಲಿ ನವಿಲಿಗೆ ಕೆಲಸವಿಲ್ಲ. ಜಮಖಾನದ ಮೆಟ್ಟಿಲಂಚಿಗೆ ಕೆಲಸವಿದೆ.

ಹಾಗಾದರೆ ಚಿತ್ರದಲ್ಲಿ ಏನಿರಬೇಕು? ಒಂದು ಕಲ್ಲು, ಅದರಿಂದ ಮೇಲೇಳುತ್ತಿರುವ ಒಂದು ಕಾಗದ, ಇಷ್ಟೇ ಸಾಕು. ಕಲ್ಲಿನ ಮೇಲೆ ‘ಮ’ ಎಂಬ ಅಕ್ಷರ ತಿರುವುಮುರುವಾಗಿ, ಕಾಗದದ ಮೇಲೆ ಅದೇ ಅಕ್ಷರ ನೆಟ್ಟಗೆ. ಮುದ್ರಣವೂ ಮಂಗಳೂರೂ ಮಠವೂ ಅದೇ ಅಕ್ಷರದಿಂದ ಮೊದಲಾಗುತ್ತವೆ. ಮೇಲಾಗಿ ‘ಠ’ದಂಥ ಸಮರೂಪದ ಅಕ್ಷರಗಳಂತಲ್ಲದೆ ‘ಮ’ಕಾರವು ತಿರುಗಿದಾಗ ತಿರುಗಿತೆಂದು ತಟ್ಟನೆ ತಿಳಿಯುತ್ತದೆ. ಕೆಳಗೆ ‘ಕಲ್ಲಿನಿಂದ ಕಾಗದಕ್ಕೆ’ ಎಂಬ ಎರಡು ಶಬ್ದಗಳು, ‘ಮಂಗಳೂರು, 1843’ ಎಂಬ ಒಂದು ಸಾಲು. ಸುತ್ತಲೂ ಮೆಟ್ಟಿಲಂಚು. ಕಪ್ಪು ಮತ್ತು ಕಾವಿ, ಎರಡೇ ಬಣ್ಣ. ದಾರಿಯ ಆಚೆ ಬದಿಯಿಂದ ಸೈಕಲ್ಲಿನ ಮೇಲೆ ಹೋಗುವವನಿಗೂ ಅರ್ಥವಾಗಬೇಕು. ಹುಟ್ಟಿದ ವರ್ಷ, ತೀರಿದ ವರ್ಷ, ಹತ್ತು ಸಾಲಿನ ಚರಿತ್ರೆ ಇವೆಲ್ಲ ಪಕ್ಕದ ಒಂದು ಸಣ್ಣ ಹಾಳೆಯಲ್ಲಿ ಇರಲಿ. ಭಿತ್ತಿಪತ್ರವು ಪಾಠಪುಸ್ತಕವಾಗಲು ಹೊರಟರೆ ಎರಡೂ ಆಗದೆ ಕೆಡುತ್ತದೆ.

ಬರೆದ ಅಲ್ಪ ಮಾತಾದರೂ ಸತ್ಯವಾಗಿರಬೇಕು ಎಂಬುದು ಇದರೊಂದಿಗೆ ಬರುವ ಹೊಣೆ. ‘ಕನ್ನಡದ ಮೊದಲ ಮುದ್ರಣ’ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಏಕೆಂದರೆ ಶ್ರೀರಾಮಪುರದ ವ್ಯಾಕರಣವು ಅದಕ್ಕಿಂತ 26 ವರ್ಷ ಹಿಂದಿನದು. ‘ಮುದ್ರಣವನ್ನು ಕಂಡುಹಿಡಿದವನು ಗುಟೆನ್‌ಬರ್ಗ್’ ಎಂಬ ಬಹು ಪ್ರಚಲಿತ ವಾಕ್ಯವೂ ಪೂರ್ಣ ಸತ್ಯವಲ್ಲ. 868ನೆಯ ಇಸವಿಯ ಬೌದ್ಧ ಗ್ರಂಥವೊಂದು ಚೀನಾದಲ್ಲಿ ಮರದ ಅಚ್ಚಿನಿಂದ ಮುದ್ರಿತವಾಗಿ ಇಂದಿಗೂ ಉಳಿದಿದೆ. ಕೊರಿಯಾದಲ್ಲಿ 1377ರಷ್ಟು ಹಿಂದೆಯೇ ಲೋಹದ ಮೊಳೆಗಳಿಂದ ಪುಸ್ತಕ ಅಚ್ಚಾಗಿದೆ. ಹದಿನೈದನೆಯ ಶತಮಾನದ ನಡುಭಾಗದಲ್ಲಿ ಗುಟೆನ್‌ಬರ್ಗನು ಮೊಳೆ ಎರಕದ ಅಚ್ಚು, ಎಣ್ಣೆಯ ಮಸಿ, ಒತ್ತುಯಂತ್ರ ಇವುಗಳನ್ನು ಕೂಡಿಸಿ ಒಂದು ಸಮರ್ಥ ವ್ಯವಸ್ಥೆಯನ್ನು ಕಟ್ಟಿದನು. ಅಚ್ಚಾದ ಮಾತನ್ನು ಜನ ನಂಬುತ್ತಾರೆ. ಆದುದರಿಂದ ಅಚ್ಚು ಹಾಕುವವನು ಇಮ್ಮಡಿ ಎಚ್ಚರದಿಂದಿರಬೇಕೆಂಬ ಪಾಠವನ್ನು ಬಾಲಕನು ಇಲ್ಲಿಯೇ ಕಲಿಯುವುದು ಒಳ್ಳೆಯದು.

ಕಲ್ಲಚ್ಚಿಗೆ ಬೇಕಾದ ಆಮ್ಲವನ್ನೂ ಭಾರವಾದ ಒತ್ತುಯಂತ್ರವನ್ನೂ ಶಾಲೆಯ ಕೊಠಡಿಗೆ ತರುವುದು ಉಚಿತವಲ್ಲ. ಅದರ ತತ್ತ್ವವನ್ನು ಮಾತ್ರ ಶಹಾಬಾದ ಫರಸಿಯ ತುಂಡಿನ ಮೇಲೆ ಮೇಣದ ಬತ್ತಿಯಿಂದ ಗೆರೆಯೆಳೆದು ಒದ್ದೆ ಬಟ್ಟೆಯಿಂದ ಒರೆಸಿ ತೋರಿಸಬಹುದು. ಗೆರೆಯ ಮೇಲೆ ನೀರು ನಿಲ್ಲದು, ಬರಿಯ ಕಲ್ಲು ನೀರನ್ನು ಹೀರುವುದು. ಭಿತ್ತಿಪತ್ರವನ್ನು ಮುದ್ರಿಸಲು ಲಿನೋಲಿಯಂ ಹಾಳೆಯೇ ಅನುಕೂಲ. 1860ರ ದಶಕದಲ್ಲಿ ಇಂಗ್ಲಂಡಿನ ಫ್ರೆಡರಿಕ್ ವಾಲ್ಟನ್ ಎಂಬವನು ನೆಲಹಾಸಿಗಾಗಿ ಕಂಡುಹಿಡಿದ ಈ ವಸ್ತುವಿನ ಜೀವಾಳವೂ ಅಗಸೆ ಎಣ್ಣೆಯೇ. ಗಾಳಿಗೆ ಗಟ್ಟಿಯಾದ ಆ ಎಣ್ಣೆಗೆ ಬಿರಡೆಮರದ ಪುಡಿಯನ್ನು ಬೆರೆಸಿ ಸೆಣಬಿನ ಬಟ್ಟೆಯ ಮೇಲೆ ಹರಡಿ ಅದನ್ನು ಮಾಡುತ್ತಾರೆ. ಇದು ಉಬ್ಬಚ್ಚು, ಕಲ್ಲಚ್ಚಲ್ಲ ಎಂಬ ವ್ಯತ್ಯಾಸವನ್ನು ಬಾಲಕರಿಗೆ ಸ್ಪಷ್ಟಪಡಿಸಬೇಕು. ಉಳಿಯಿಂದ ಕೊರೆದು ತೆಗೆದ ಭಾಗ ಬಿಳಿದಾಗಿ ಉಳಿಯುತ್ತದೆ, ಕೊರೆಯದೆ ಬಿಟ್ಟ ಭಾಗ ಮಸಿಯನ್ನು ಹಿಡಿಯುತ್ತದೆ. ನವಲಗುಂದದ ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಹಾಳೆ ಮೆತ್ತಗಾಗಿ ಉಳಿಗೆ ಬಗ್ಗುತ್ತದೆ. ಕೊರೆಯುವಾಗ ಹಿಡಿದ ಕೈ ಯಾವಾಗಲೂ ಉಳಿಯ ಹಿಂದೆಯೇ ಇರಬೇಕು; ದುಂಡಕ್ಷರವನ್ನು ಕೊರೆಯುವಾಗ ಕೈಯನ್ನು ತಿರುಗಿಸದೆ ಹಾಳೆಯನ್ನು ತಿರುಗಿಸಬೇಕು. ಉರುಳೆಯಿಂದ ಮಸಿ ಸವರಿ, ಕಾಗದವನ್ನು ಹಾಸಿ, ಚಮಚೆಯ ಬೆನ್ನಿನಿಂದ ಉಜ್ಜಿದರೆ ಯಂತ್ರವಿಲ್ಲದೆಯೂ ಅಚ್ಚು ಮೂಡುತ್ತದೆ.

ಈ ಕೆಲಸದಲ್ಲಿ ಒಂದು ರಸವತ್ತಾದ ಸಮಸ್ಯೆ ಬಾಲಕರನ್ನು ಎದುರುಗೊಳ್ಳುತ್ತದೆ. ಕಾಗದದ ಮೇಲೆ ನೆಟ್ಟಗೆ ಕಾಣಬೇಕಾದ ‘ಮ’ಕಾರವನ್ನು ಲಿನೋ ಹಾಳೆಯಲ್ಲಿ ತಿರುವಾಗಿ ಕೊರೆಯಬೇಕು, ಆದರೆ ಚಿತ್ರದೊಳಗಿನ ಕಲ್ಲಿನ ಮೇಲೆ ತಿರುವಾಗಿ ಕಾಣಬೇಕಾದ ‘ಮ’ಕಾರವನ್ನು ನೆಟ್ಟಗೆ ಕೊರೆಯಬೇಕು. ಮೊದಲ ಅಚ್ಚಿನಲ್ಲಿ ಎರಡೂ ತಪ್ಪಿ ಬರುವ ಸಂಭವವೇ ಹೆಚ್ಚು. ಒತ್ತಕ್ಷರಕ್ಕೆ ಎಡೆ ಬಿಡಲು ಮರೆತವನ ‘ಕಲ್ಲು’ ‘ಕಲು’ವಾಗಿ ನಿಲ್ಲುತ್ತದೆ. ಹೀಗೆ ಎಡವಿದ ಬಾಲಕನಿಗೆ ಕನ್ನಡದ ಮೊಳೆಗಳನ್ನು ಕೊರೆದ ಹಿಂದಿನವರ ಕಷ್ಟವು ಯಾವ ಉಪನ್ಯಾಸವೂ ಇಲ್ಲದೆ ತಿಳಿಯುತ್ತದೆ. ತಪ್ಪನ್ನು ಒರೆಸಿಹಾಕುವ ಗುಂಡಿ ಇಲ್ಲಿಲ್ಲ, ಕೊರೆದದ್ದು ಕೊರೆದದ್ದೇ. ಆದುದರಿಂದ ಉಳಿಯನ್ನು ಊರುವ ಮುನ್ನ ಎರಡು ಸಲ ವಿಚಾರಿಸುವ ಅಭ್ಯಾಸವಾಗುತ್ತದೆ. ಇದು ಚಿತ್ರಕಲೆಗೆ ಮಾತ್ರ ಉಪಯೋಗವಾಗುವ ಗುಣವಲ್ಲ.

ಆಕ್ಷೇಪಣೆಗಳು ಇಲ್ಲವೆಂದಲ್ಲ. ಪರೀಕ್ಷೆಯ ಅಂಕಗಳಿಗೆ ಇದರಿಂದ ಉಪಯೋಗವಿಲ್ಲ ಎನ್ನುವವರು ಒಬ್ಬರು. ಒಂದು ಭಿತ್ತಿಪತ್ರದ ಕೆಲಸದಲ್ಲಿ ಎಣ್ಣೆ-ನೀರುಗಳ ವಿಜ್ಞಾನ, ಪತ್ರಿಕೆಯ ಇತಿಹಾಸ, ಅಕ್ಷರದ ವ್ಯಾಕರಣ, ಪ್ರತಿಬಿಂಬದ ಗಣಿತ ಇಷ್ಟೂ ಬಂದುಹೋಗುತ್ತವೆ ಎಂಬುದನ್ನು ಅವರು ಲೆಕ್ಕಕ್ಕೆ ಹಿಡಿದಿಲ್ಲ. ಮಕ್ಕಳ ಕೈಗೆ ಉಳಿಯನ್ನು ಕೊಡುವುದು ಅಪಾಯವೆನ್ನುವವರು ಇನ್ನೊಬ್ಬರು. ಅವರ ಭಯವು ನಿರಾಧಾರವಲ್ಲ. ಮೇಲಿನ ತರಗತಿಯವರಿಗೆ ಮಾತ್ರ, ಸಣ್ಣ ಗುಂಪಿನಲ್ಲಿ, ಶಿಕ್ಷಕರ ಕಣ್ಣೆದುರಿನಲ್ಲಿ ಈ ಕೆಲಸ ನಡೆಯಬೇಕು. ಕಿರಿಯರು ಬಟಾಟೆಯನ್ನು ಕತ್ತರಿಸಿದ ಅಚ್ಚಿನಿಂದ ಅಂಚನ್ನು ಒತ್ತುವುದರಲ್ಲಿ ತೃಪ್ತರಾಗಲಿ. ಲಿನೋ, ಉರುಳೆ, ಮಸಿಗಳ ವೆಚ್ಚವನ್ನು ಮುಂದೆ ಮಾಡುವವರು ಮೂರನೆಯವರು. ಉರುಳೆ ಮತ್ತು ಉಳಿಗಳನ್ನು ಒಮ್ಮೆ ಕೊಂಡರೆ ಅನೇಕ ವರ್ಷ ಬಾಳುತ್ತವೆ. ಒಂದು ಹಾಳೆ ಕೊರೆದರೆ ಹತ್ತಾರು ಪ್ರತಿಗಳು ಬರುತ್ತವೆ. ಪ್ರತಿವರ್ಷವೂ ಹೊಸದಾಗಿ ತರಿಸಿ ಎಸೆಯುವ ಫ್ಲೆಕ್ಸಿನ ಲೆಕ್ಕದೊಡನೆ ಇದನ್ನು ತೂಗಿ ನೋಡುವುದು ಆಡಳಿತ ಮಂಡಳಿಯವರಿಗೆ ಕಷ್ಟವಾಗಲಾರದು.

ಎಲ್ಲಕ್ಕಿಂತ ಬಲವಾದ ಆಕ್ಷೇಪಣೆಯೆಂದರೆ ಕಾಲ ಬದಲಾಗಿದೆ ಎಂಬುದು. ಗಣಕಯಂತ್ರದ ಯುಗದಲ್ಲಿ ಕೈಯಚ್ಚು ಹಿಂದಕ್ಕೆ ಹೋದಂತಲ್ಲವೇ ಎಂದು ಕೇಳುತ್ತಾರೆ. ಗಣಕಯಂತ್ರವನ್ನು ಬಿಡಬೇಕೆಂದು ಯಾರೂ ಹೇಳಲಾರರು. ಮುದ್ರಣಕಾಶಿಯೆಂದು ಹೆಸರಾದ ಗದಗಿನಲ್ಲಿಯೂ ಮೊಳೆ ಜೋಡಣೆಯ ಕಾಲ ಮುಗಿದಿದೆ. ಆದರೆ ಪೇಟೆಯಲ್ಲಿ ಪುಸ್ತಕಗಳನ್ನೂ ಪತ್ರಿಕೆಗಳನ್ನೂ ಮುದ್ರಿಸುವ ಆಫ್‌ಸೆಟ್ ಯಂತ್ರವು ಇಂದಿಗೂ ಎಣ್ಣೆಗೂ ನೀರಿಗೂ ಕೂಡದೆಂಬ ಸೆನೆಫೆಲ್ಡರನ ತತ್ತ್ವದ ಮೇಲೆಯೇ ನಡೆಯುತ್ತದೆ. ಕಲ್ಲಿನ ಜಾಗದಲ್ಲಿ ತೆಳ್ಳನೆಯ ಲೋಹದ ತಗಡು ಬಂದಿದೆ, ಅಷ್ಟೇ. ಮೂಲವನ್ನು ಬಲ್ಲವನು ಹೊಸ ಯಂತ್ರದ ಒಡೆಯನಾಗುತ್ತಾನೆ. ಗುಂಡಿಯನ್ನು ಒತ್ತಲು ಮಾತ್ರ ಬಲ್ಲವನು ಅದರ ಗಿರಾಕಿಯಾಗಿ ಉಳಿಯುತ್ತಾನೆ. ರೈತರ, ನೇಕಾರರ, ಕೂಲಿಕಾರರ ಮಕ್ಕಳು ಓದುವ ಗ್ರಾಮೀಣ ಶಾಲೆಯು ತನ್ನ ಮಕ್ಕಳನ್ನು ಈ ಎರಡರಲ್ಲಿ ಯಾವುದಕ್ಕೆ ಸಿದ್ಧಗೊಳಿಸಬೇಕೆಂಬುದೇ ಇಲ್ಲಿಯ ನಿಜವಾದ ಪ್ರಶ್ನೆ. ಭಿತ್ತಿಪತ್ರವು ಅದಕ್ಕೊಂದು ನೆಪ ಮಾತ್ರ.

ಹೀಗೆ ಮುದ್ರಿತವಾದ ಪ್ರತಿಗಳನ್ನು ಶಾಲೆಯ ಗೋಡೆಗೆ ಮಾತ್ರ ಮೀಸಲಿಡದೆ ಒಂದು ಊರಿನ ವಾಚನಾಲಯಕ್ಕೆ, ಒಂದು ಜಮಖಾನ ನೇಯುವವರ ಮನೆಗೆ, ಒಂದು ಬಸ್ ನಿಲ್ದಾಣಕ್ಕೆ, ಒಂದು ಮಠದ ದಾಸೋಹದ ಪಡಸಾಲೆಗೆ ಕಳುಹಿಸಿದರೆ ಭಿತ್ತಿಪತ್ರವು ತನ್ನ ಹೆಸರಿಗೆ ತಕ್ಕ ಕೆಲಸವನ್ನು ಮಾಡಿದಂತಾಗುತ್ತದೆ. ಜುಲೈ 1ರ ಪತ್ರಿಕಾ ದಿನವು ಶಾಲೆಗಳು ತೆರೆದ ಹೊಸದರಲ್ಲಿಯೇ ಬರುತ್ತದೆ. ಆ ದಿನಕ್ಕೆ ಪ್ರತಿವರ್ಷ ಒಂದು ಭಿತ್ತಿಪತ್ರವನ್ನು ಬಾಲಕ ಬಾಲಕಿಯರು ಸ್ವಹಸ್ತದಿಂದ ಮುದ್ರಿಸುವ ಪದ್ಧತಿಯನ್ನು ಹಾಕಿಕೊಳ್ಳುವುದು ಯಾವ ಶಾಲೆಗೂ ಅಸಾಧ್ಯವಲ್ಲ. ಅಚ್ಚಿನ ಅಂಚು ಸ್ವಲ್ಪ ಓರೆಯಾಗಿರಬಹುದು, ಮಸಿ ಅಲ್ಲಲ್ಲಿ ತೇಲಿರಬಹುದು. ಅದನ್ನು ತೋರಿಸಲು ಬಂದ ಮಗುವಿನ ಬೆರಳಿನ ತುದಿಗೆ ಮಸಿಯ ಕಲೆ ಇದ್ದರೆ, ಆ ವರ್ಷದ ಪಾಠವು ಕೈಗೆ ಹತ್ತಿತೆಂದು ಗುರುಗಳು ತಿಳಿಯಬಹುದು.